ಕಾರು ಮಾಸುವುದು ಒರೆಸುವಾಗ

ಕಪ್ಪು, ಕಡುನೀಲಿ ಅಥವಾ ಕೆಂಪು ಬಣ್ಣದ ಕಾರು ನಿಮ್ಮಲ್ಲಿದ್ದು, ಕೊಂಡು ಎರಡು ವರ್ಷವಾಗಿದ್ದರೆ, ಬಿಸಿಲಿರುವಾಗ ಬಾನೆಟ್ಟಿನ ಮೇಲೆ ಸೂರ್ಯ ಹೊಳೆಯುವ ಜಾಗವನ್ನು ಬಗ್ಗಿ ನೋಡಿ. ಆ ಬೆಳಕಿನ ಸುತ್ತ ಜೇಡರಬಲೆಯ ಹಾಗೆ ನವಿರಾದ ಗೀರುಗಳು ಸುತ್ತುಸುತ್ತಾಗಿ ಕಾಣುತ್ತವೆ. ರಾತ್ರಿ ಬೀದಿದೀಪದ ಕೆಳಗೆ ಇನ್ನೂ ಸ್ಪಷ್ಟವಾಗಿ ಕಾಣುತ್ತವೆ. ಬಿಳಿ ಮತ್ತು ಬೆಳ್ಳಿ ಬಣ್ಣದ ಕಾರುಗಳಲ್ಲೂ ಇವು ಇರುತ್ತವೆ, ಕಣ್ಣಿಗೆ ಬೀಳುವುದು ಕಡಿಮೆ ಅಷ್ಟೆ. ಗೀರುಗಳು ನಿಜಕ್ಕೂ ಸುತ್ತಾಗಿರುವುದಿಲ್ಲ. ಎಲ್ಲ ದಿಕ್ಕಿಗೂ ಎಳೆದಿರುವ ಸಾವಿರಾರು ಗೆರೆಗಳಲ್ಲಿ ಬೆಳಕಿಗೆ ಅಡ್ಡವಾಗಿರುವವು ಮಾತ್ರ ಹೊಳೆಯುವುದರಿಂದ ಹಾಗೆ ತೋರುತ್ತದೆ. ಕಾರಿನ ಹೊಸತನ ಹೋಯಿತು ಎಂದು ನಾವು ಹೇಳುವುದು ಬಹುಪಾಲು ಈ ಗೀರುಗಳನ್ನು ಕಂಡೇ. ಇವುಗಳಲ್ಲಿ ಹೆಚ್ಚಿನವು ರಸ್ತೆಯಲ್ಲಿ ಆದವಲ್ಲ. ಮನೆಯ ಮುಂದೆ, ಬೆಳಿಗ್ಗೆ ಎದ್ದು ಕಾರನ್ನು ಚೊಕ್ಕ ಮಾಡುವಾಗಲೇ ಆದವು.

ಹೇಗೆ ಎಂದು ತಿಳಿಯಲು ಬಣ್ಣದ ಪದರಗಳನ್ನು ನೋಡಬೇಕು. ಉಕ್ಕಿನ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಲೇಪ ಇರುತ್ತದೆ. ಕಾರ್ಖಾನೆಯಲ್ಲಿ ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ ಅದನ್ನು ಕೂರಿಸುತ್ತಾರೆ. ಅದರ ಮೇಲೆ ಪ್ರೈಮರ್, ಆಮೇಲೆ ನಾವು ಶೋರೂಮಿನಲ್ಲಿ ಆರಿಸಿಕೊಂಡ ಬಣ್ಣವಾದ ಬೇಸ್ ಕೋಟ್, ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ, ಗಾಜಿನಂತೆ ತಿಳಿಯಾದ ಕ್ಲಿಯರ್ ಕೋಟ್. ಎಲ್ಲ ಸೇರಿ ದಪ್ಪ 100ರಿಂದ 150 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನಲ್ಲಿ ಸಾವಿರದ ಒಂದು ಪಾಲು. ಇದರಲ್ಲಿ ಕ್ಲಿಯರ್ ಕೋಟಿನ ಪಾಲು 40-50 ಮೈಕ್ರಾನ್, ಒಂದು ತಲೆಗೂದಲಿಗಿಂತ ತೆಳು. ಕಾರಿಗೆ ಹೊಳಪು ಕೊಡುವುದು ಈ ಪದರ. ಬಿಸಿಲಿನ ಅತಿನೇರಳೆ ಕಿರಣ ಕೆಳಗಿನ ಬಣ್ಣಕ್ಕೆ ತಾಗದಂತೆ ಕಾಯುವುದೂ ಇದೇ.

ಈಗ ಇದರ ಮೇಲೆ ಕೂರುವ ಧೂಳು ಯಾವುದು ನೋಡಿ. ಬೆಂಗಳೂರಿನ ನೆಲದಡಿ ಇರುವುದು ನೈಸ್ ಬಂಡೆ. ಲಾಲ್‌ಬಾಗಿನ ಗುಡ್ಡದಲ್ಲಿ ಅದು ನೆಲದ ಮೇಲೆ ತಲೆ ಎತ್ತಿ ನಿಂತಿದೆ, ವಯಸ್ಸು ಸುಮಾರು 300 ಕೋಟಿ ವರ್ಷ. ಆ ಬಂಡೆ ಸವೆದು ಆದ ಮಣ್ಣಿನಲ್ಲಿ ಬೆಣಚುಕಲ್ಲಿನ ಕಣಗಳು ತುಂಬಿವೆ. ಜಲ್ಲಿ ಕ್ರಷರಿನ ಪುಡಿ, ಕಟ್ಟಡ ಕಟ್ಟುವ ಕಡೆಯ ಎಂ-ಸ್ಯಾಂಡ್ ಎಲ್ಲವೂ ಇದೇ ಕುಲದ್ದು. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚುಕಲ್ಲಿಗೆ 7 ಅಂಕ. ಚಾಕುವಿನ ಉಕ್ಕಿಗೆ ಸುಮಾರು ಐದೂವರೆ. ಕ್ಲಿಯರ್ ಕೋಟ್ ಒಂದು ಬಗೆಯ ಪ್ಲಾಸ್ಟಿಕ್, ಉಕ್ಕಿಗಿಂತ ಎಷ್ಟೋ ಮೆದು. ಒಣ ಬಟ್ಟೆಯಿಂದ ಬಾನೆಟ್ ಒರೆಸುವಾಗ ನಾವು ಮಾಡುತ್ತಿರುವುದು ಉಕ್ಕನ್ನೇ ಗೀಚಬಲ್ಲ ಕಲ್ಲಿನ ಪುಡಿಯನ್ನು ಪ್ಲಾಸ್ಟಿಕ್ಕಿನ ಮೇಲೆ ಎಳೆದಾಡುವ ಕೆಲಸ. ಅರ್ಧ ಒದ್ದೆ ಬಟ್ಟೆಯಾದರೂ ವ್ಯತ್ಯಾಸ ಅಷ್ಟಿಲ್ಲ, ಕಣಗಳು ಬಟ್ಟೆಗೆ ಅಂಟಿಕೊಂಡು ಮತ್ತೆ ಮತ್ತೆ ಉಜ್ಜುತ್ತವೆ.

ಆದ್ದರಿಂದ ನನ್ನ ಮೊದಲ ಮಾತು ಇಷ್ಟೇ: ಕಾರನ್ನು ದಿನಾ ಒರೆಸುವುದನ್ನು ಬಿಡಿ. ಧೂಳು ಸುಮ್ಮನೆ ಕೂತಿದ್ದರೆ ಬಣ್ಣಕ್ಕೆ ಏನೂ ಮಾಡುವುದಿಲ್ಲ. ಮುಂದಿನ ಗಾಜು, ಹಿಂದಿನ ಗಾಜು, ಕನ್ನಡಿ, ಹೆಡ್‌ಲೈಟು, ನಂಬರ್ ಪ್ಲೇಟು, ಇಷ್ಟನ್ನು ದಿನವೂ ಚೊಕ್ಕವಾಗಿಡಬೇಕು, ಏಕೆಂದರೆ ಅದು ಸುರಕ್ಷತೆಯ ವಿಷಯ. ಉಳಿದ ಮೈಯನ್ನು ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಸರಿಯಾಗಿ ತೊಳೆದರೆ ಸಾಕು. ದಿನಾ ಒರೆಸಿದ ಕಾರಿಗಿಂತ ಆ ಕಾರು ಐದು ವರ್ಷದ ನಂತರ ಹೊಸದಾಗಿ ಕಾಣುತ್ತದೆ.

ತೊಳೆಯುವುದು ಎಂದಕೂಡಲೇ ನೀರಿನ ಪ್ರಶ್ನೆ ಬರುತ್ತದೆ, ಬರಲೇಬೇಕು. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಸಾಲು ನಿಂತಾಗ, ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿತು. ದಂಡ 5,000 ರೂಪಾಯಿ, ಮತ್ತೆ ತಪ್ಪು ಮಾಡಿದರೆ ದಿನಕ್ಕೆ 500 ಹೆಚ್ಚುವರಿ. ಅದೇ ತಿಂಗಳು 22 ಮನೆಗಳಿಂದ 1.1 ಲಕ್ಷ ರೂಪಾಯಿ ವಸೂಲಿಯೂ ಆಯಿತು. 2025ರ ಫೆಬ್ರುವರಿಯಲ್ಲಿ ಮಂಡಳಿ ಅದೇ ಆದೇಶವನ್ನು ಮತ್ತೆ ಹೊರಡಿಸಿತು. ದಂಡದ ಹೆದರಿಕೆಗಿಂತ ಆ ನೀರು ಬರುವ ದಾರಿ ನೆನೆದರೆ ಸಾಕು, ಪೈಪು ಹಿಡಿದ ಕೈ ಹಿಂಜರಿಯುತ್ತದೆ. ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪಾಗಿ, ಸುಮಾರು 500 ಮೀಟರ್ ಎತ್ತರ ಏರಿ, ನೂರು ಕಿಲೋಮೀಟರ್ ಹರಿದು ಕಾವೇರಿ ನಮ್ಮ ಸಂಪಿಗೆ ಬೀಳುತ್ತದೆ. ಅದನ್ನು ಟೈರಿನ ಮೇಲೆ ಬಿಟ್ಟು ಚರಂಡಿಗೆ ಹರಿಸುವುದು ಸಲ್ಲದು. ನಿಮ್ಮ ಮನೆಯ ಪೈಪು ಎಷ್ಟು ನೀರು ಸುರಿಯುತ್ತದೆ ಎಂದು ಅಳೆಯುವುದು ಸುಲಭ. 20 ಲೀಟರಿನ ಬಕೆಟ್ ಎಷ್ಟು ಹೊತ್ತಿಗೆ ತುಂಬುತ್ತದೆ ನೋಡಿ, ಕಾರು ತೊಳೆಯಲು ನೀವು ತೆಗೆದುಕೊಳ್ಳುವ ಹೊತ್ತಿಗೆ ಲೆಕ್ಕ ಹಾಕಿ.

ಹಾಗಾದರೆ ಯಾವ ನೀರು? ಎಲ್ಲಕ್ಕಿಂತ ಒಳ್ಳೆಯದು ಮಳೆ ನೀರು. ಬೆಂಗಳೂರಿನಲ್ಲಿ 2009ರಿಂದ ದೊಡ್ಡ ನಿವೇಶನಗಳ ಮನೆಗಳಿಗೆ ಮಳೆ ನೀರು ಸಂಗ್ರಹ ಕಡ್ಡಾಯವಾಗಿದೆ. ಅದನ್ನು ನಿಜವಾಗಿ ಮಾಡಿಕೊಂಡವರಿಗೆ ಕಾರು ತೊಳೆಯುವ ಚಿಂತೆಯೇ ಇಲ್ಲ. ಮಳೆ ನೀರಿನಲ್ಲಿ ಲವಣ ಬಹುತೇಕ ಇಲ್ಲದಿರುವುದರಿಂದ ಒಣಗಿದ ಮೇಲೆ ಬಿಳಿ ಕಲೆ ಉಳಿಯುವುದಿಲ್ಲ. ಬೋರ್‌ವೆಲ್ ನೀರು ಇದಕ್ಕೆ ಪೂರಾ ವಿರುದ್ಧ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಬಯಲುಸೀಮೆಯ ಎಷ್ಟೋ ಬೋರ್‌ವೆಲ್‌ಗಳು ಈ ಮಿತಿಯ ಅಂಚಿನಲ್ಲಿವೆ, ದಾಟಿದವೂ ಇವೆ. ಗೀಸರಿನ ಕಾಯಿಲಿಗೆ ಸುಣ್ಣ ಕಟ್ಟುವ ಆ ನೀರೇ ಬಾನೆಟ್ಟಿನ ಮೇಲೆ ಆರಿದಾಗ ಒಂದೊಂದು ಹನಿಯೂ ಒಂದೊಂದು ಬಿಳಿ ಉಂಗುರ ಬಿಟ್ಟು ಹೋಗುತ್ತದೆ. ಹೊಸ ಕಲೆಯಾದರೆ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ, ಬಟ್ಟೆಯಲ್ಲಿ ತುಸು ಹೊತ್ತು ಒತ್ತಿಟ್ಟು, ಕೂಡಲೇ ಒಳ್ಳೆಯ ನೀರಿನಲ್ಲಿ ತೊಳೆದರೆ ಹೋಗುತ್ತದೆ. ತಿಂಗಳುಗಟ್ಟಲೆ ಬಿಸಿಲು ಕಂಡ ಕಲೆ ಬಣ್ಣದೊಳಕ್ಕೇ ಇಳಿದಿರುತ್ತದೆ, ಅದಕ್ಕೆ ಪಾಲಿಷೇ ಗತಿ.

ಅಪಾರ್ಟ್‌ಮೆಂಟುಗಳ ಎಸ್‌ಟಿಪಿ ನೀರನ್ನು, ಅಂದರೆ ಅಲ್ಲೇ ಶುದ್ಧೀಕರಿಸಿದ ಕೊಳಚೆ ನೀರನ್ನು, ಬಳಸಬಹುದೇ ಎಂದು ಅನೇಕರು ಕೇಳುತ್ತಾರೆ. ಟೈರು, ಮಡ್‌ಗಾರ್ಡಿನ ಒಳಭಾಗ, ಮೊದಲ ಸುತ್ತಿನ ಧೂಳು ಕಳೆಯುವುದಕ್ಕೆ ಖಂಡಿತ ಬಳಸಬಹುದು. ಬಕೆಟ್ಟಿನಲ್ಲಿ ಬಳಸಿ, ಪ್ರೆಷರ್ ವಾಷರಿನಲ್ಲಿ ಬೇಡ. ಆ ನೀರಿನ ನವಿರು ಹನಿಗಳು ಉಸಿರಿನ ಜೊತೆ ಒಳಗೆ ಹೋಗುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಕೊನೆಯಲ್ಲಿ ಅರ್ಧ ಬಕೆಟ್ ಒಳ್ಳೆಯ ನೀರಿನಲ್ಲಿ ಬಟ್ಟೆ ಹಿಂಡಿ ಒರೆಸಿದರೆ ಕಲೆ ನಿಲ್ಲುವುದಿಲ್ಲ.

ಇನ್ನು ತೊಳೆಯುವ ಕ್ರಮ. ನೆರಳಿನಲ್ಲಿ, ಬಾನೆಟ್ಟಿಗೆ ಅಂಗೈ ಇಟ್ಟರೆ ತಣ್ಣಗಿರುವಾಗ ಶುರು ಮಾಡಬೇಕು. ಬಿಸಿ ತಗಡಿನ ಮೇಲೆ ಶಾಂಪೂ ನೊರೆ ಒಣಗಿ ಪೊರೆಗಟ್ಟುತ್ತದೆ. ಮೊದಲು ಮುಟ್ಟದೆ ನೀರು ಹಾಯಿಸಿ. ಇದಕ್ಕೆ ಪೈಪು ಬೇಡ. ಗಿಡಗಳಿಗೆ ಬಳಸುವ ಕೈಪಂಪಿನ 5 ಲೀಟರ್ ಸ್ಪ್ರೇಯರ್ ಸಾಕು, ಆದರೆ ಕೀಟನಾಶಕ ಹೊಡೆದಿದ್ದು ಬೇಡ, ಹೊಸದನ್ನೇ ಇಡಿ. ಮಣ್ಣು ಮೆತ್ತಿರುವ ಕಡೆ ನೀರು ಹೊಡೆದು ನೆನೆಯಲು ಬಿಡಿ, ಕೆಸರು ತಾನಾಗಿ ಸಡಿಲವಾಗಿ ಇಳಿಯುವವರೆಗೆ ಕಾಯಿರಿ. ಬಟ್ಟೆ ಮುಟ್ಟುವ ಮೊದಲು ಎಷ್ಟು ಮಣ್ಣು ಇಳಿಯುತ್ತದೋ ಅಷ್ಟು ಗೀರು ಕಡಿಮೆ. ಇಡೀ ಕೆಲಸದಲ್ಲಿ ಅವಸರ ಮಾಡಬಾರದ ಹಂತ ಇದೊಂದೇ.

ಆಮೇಲೆ ಎರಡು ಬಕೆಟ್. ಒಂದರಲ್ಲಿ ಕಾರ್ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಬಟ್ಟೆ ಅಥವಾ ಕೈಗವಸನ್ನು ಶಾಂಪೂ ನೀರಿನಲ್ಲಿ ಅದ್ದಿ, ಒಂದು ಡೋರಿನಷ್ಟು ಜಾಗ ತೊಳೆದು, ಬರೀ ನೀರಿನ ಬಕೆಟ್ಟಿನಲ್ಲಿ ಜಾಲಿಸಿ ಕಲ್ಲಿನ ಕಣಗಳನ್ನು ಅಲ್ಲಿ ಬಿಟ್ಟು, ಮತ್ತೆ ಶಾಂಪೂವಿಗೆ. ಒಂದೇ ಬಕೆಟ್ಟಾದರೆ ಬಾನೆಟ್ಟಿನಿಂದ ತೆಗೆದ ಮರಳನ್ನು ನಾವೇ ಡೋರಿಗೆ ಹಚ್ಚುತ್ತೇವೆ. ಮೇಲಿನಿಂದ ಕೆಳಕ್ಕೆ ಬನ್ನಿ: ಟಾಪು, ಗಾಜು, ಬಾನೆಟ್, ಡಿಕ್ಕಿ, ಡೋರಿನ ಮೇಲರ್ಧ, ಕೊನೆಗೆ ಕೆಳಗಿನ ಅಂಚು ಮತ್ತು ಬಂಪರ್. ಅತಿ ಹೆಚ್ಚು ಮರಳು ಇರುವುದು ಚಕ್ರ ಎರಚುವ ಕೆಳಭಾಗದಲ್ಲಿ, ಅದನ್ನು ಮುಟ್ಟಿದ ಬಟ್ಟೆ ಮತ್ತೆ ಮೇಲಕ್ಕೆ ಹೋಗಬಾರದು. ಸುತ್ತು ಸುತ್ತಾಗಿ ಉಜ್ಜದೆ ನೇರ ಗೆರೆಯಲ್ಲಿ, ಭಾರ ಹಾಕದೆ ಎಳೆಯಿರಿ. ಕೈಯಿಂದ ಬಟ್ಟೆ ನೆಲಕ್ಕೆ ಬಿದ್ದರೆ ಆ ಬಟ್ಟೆಯ ಕೆಲಸ ಅವತ್ತಿಗೆ ಮುಗಿಯಿತು. ಚಕ್ರಕ್ಕೆ ಬೇರೆ ಬಟ್ಟೆ, ಬೇರೆ ಬ್ರಷ್ಷು ಕಡ್ಡಾಯ, ಏಕೆಂದರೆ ಅಲಾಯ್ ಮೇಲೆ ಕೂರುವ ಕಂದು ಪುಡಿ ಬ್ರೇಕಿನಿಂದ ಸವೆದ ಕಬ್ಬಿಣ. ಐರನ್ ರಿಮೂವರ್ ಸಿಂಪಡಿಸಿದಾಗ ಅದು ನೇರಳೆ ಬಣ್ಣಕ್ಕೆ ತಿರುಗಿ ಹರಿಯುವುದು ಆ ಕಬ್ಬಿಣದ ದೆಸೆಯಿಂದಲೇ.

ಬಟ್ಟೆ ಒಗೆಯುವ ಪುಡಿ ಬೇಡ, ಪಾತ್ರೆ ತೊಳೆಯುವ ಲಿಕ್ವಿಡ್ಡೂ ಬೇಡ. ಒಗೆಯುವ ಪುಡಿ ಕ್ಷಾರ, ಮೇಲೆ ಹಚ್ಚಿದ ವ್ಯಾಕ್ಸನ್ನು ಕಿತ್ತು ಹಾಕುತ್ತದೆ, ರಬ್ಬರಿನ ಪಟ್ಟಿಗಳನ್ನು ಒಣಗಿಸುತ್ತದೆ. ಪಾತ್ರೆಯ ಜಿಡ್ಡು ತೆಗೆಯಲೆಂದೇ ಮಾಡಿದ ದ್ರವವೂ ವ್ಯಾಕ್ಸನ್ನು ಉಳಿಸುವುದಿಲ್ಲ. ಸೀಮೆಎಣ್ಣೆ ಹಾಕಿ ಡಾಂಬರಿನ ಚುಕ್ಕೆ ತೆಗೆಯುವ ಹಳೆಯ ರೂಢಿ ಈಗಲೂ ಇದೆ. ಅದು ಚುಕ್ಕೆ ತೆಗೆಯುತ್ತದೆ, ಜೊತೆಗೆ ಧೂಳು ಹಿಡಿಯುವ ಜಿಡ್ಡನ್ನೂ ಬಿಡುತ್ತದೆ. ಟಾರ್ ರಿಮೂವರ್ ಹಚ್ಚಿ ಒಂದೆರಡು ನಿಮಿಷ ಬಿಟ್ಟು ತೊಳೆಯುವುದು ಮೇಲು.

ನೊರೆಯನ್ನು ಸ್ಪ್ರೇಯರಿನ ನೀರಿನಲ್ಲಿ ಕಳೆದ ಮೇಲೆ, ಕೊನೆಗೆ ಒಣಗಿಸುವುದು. ದೊಡ್ಡ, ದಪ್ಪ ಮೈಕ್ರೋಫೈಬರ್ ಟವೆಲ್ಲನ್ನು ಹಾಸಿದಂತೆ ಹಾಕಿ ನೀರು ಹೀರಿಸಿ. ಅಂಗಡಿಗಳಲ್ಲಿ ನೇತುಹಾಕಿರುವ ಹಳದಿ ಬಟ್ಟೆ, ಹಳೆಯ ಬನಿಯನ್, ಕಾಟನ್ ವೇಸ್ಟ್, ಇವ್ಯಾವೂ ಬಣ್ಣದ ಮೇಲೆ ಬೇಡ. ಮೈಕ್ರೋಫೈಬರ್ ಎಂದರೆ ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಎಳೆಗಳನ್ನು ಕೂದಲಿಗಿಂತ ಎಷ್ಟೋ ಸಪೂರವಾಗಿ ಸೀಳಿ ಹೆಣೆದದ್ದು. ಧೂಳಿನ ಕಣ ಆ ಎಳೆಗಳ ಒಳಕ್ಕೆ ಹೋಗಿ ಕೂರುವುದರಿಂದ ಬಣ್ಣಕ್ಕೆ ತಾಗುವುದು ಕಡಿಮೆ. ಅದನ್ನು ಮನೆಯ ಹತ್ತಿ ಬಟ್ಟೆಗಳ ಜೊತೆ ಒಗೆದರೆ ಹತ್ತಿಯ ಹಿಂಜು ಸಿಕ್ಕಿಕೊಳ್ಳುತ್ತದೆ, ಕಂಫರ್ಟ್ ತರಹದ ಕಂಡಿಷನರ್ ಹಾಕಿದರೆ ಎಳೆಗಳು ಮುಚ್ಚಿಹೋಗಿ ನೀರೇ ಹೀರದಂತಾಗುತ್ತದೆ. ಬೇರೆಯಾಗಿ ಒಗೆದು ನೆರಳಿನಲ್ಲಿ ಒಣಗಿಸಿ.

ಎಲ್ಲ ಸೇರಿ ಎರಡು ಬಕೆಟ್, ಒಂದು ಸ್ಪ್ರೇಯರ್ ನೀರಿನಲ್ಲಿ ಸಾಮಾನ್ಯ ಕಾರು ತೊಳೆಯಬಹುದು. ಬರೀ ಧೂಳು ಕೂತಿದ್ದರೆ ಅಷ್ಟೂ ಬೇಡ. ರಿನ್ಸ್‌ಲೆಸ್ ವಾಶ್ ಎಂಬ ದ್ರವ ಈಗ ಇಲ್ಲಿಯೂ ಸಿಗುತ್ತದೆ. ಅದನ್ನು ಬಾಟಲಿಯ ಮೇಲೆ ಬರೆದ ಅಳತೆಯಲ್ಲಿ ಒಂದು ಬಕೆಟ್ ನೀರಿಗೆ ಹಾಕಿ, ಬಟ್ಟೆ ಅದ್ದಿ ಒರೆಸಿ, ಕೂಡಲೇ ಒಣಗಿಸಿದರೆ ಮುಗಿಯಿತು, ಮತ್ತೆ ನೀರು ಹೊಯ್ಯುವುದಿಲ್ಲ. ಅದರಲ್ಲಿರುವ ಪಾಲಿಮರ್ ಧೂಳಿನ ಕಣಗಳನ್ನು ಸುತ್ತುವರಿದು ಜಾರುವಂತೆ ಮಾಡುತ್ತದೆ. ನೀರಿಗೆ ಬರ ಬಂದಿರುವ ನಗರಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ನಾನು ಕಂಡಿಲ್ಲ. ಕೆಸರು ಮೆತ್ತಿದ ಕಾರಿಗೆ ಮಾತ್ರ ಇದು ಸಲ್ಲದು.

ಊರಿನ ಕಡೆ ಲಾರಿ, ಟ್ರ್ಯಾಕ್ಟರು, ಕಾರುಗಳನ್ನು ಕೆರೆಗೋ ಹೊಳೆಗೋ ಇಳಿಸಿ ತೊಳೆಯುವ ಅಭ್ಯಾಸದ ಬಗ್ಗೆ ಒಂದು ಮಾತು ಹೇಳಲೇಬೇಕು. ಇಂಜಿನ್ನಿನ ಆಯಿಲ್, ಗ್ರೀಸು, ಸೋಪು ನೇರವಾಗಿ ದನಕರು ಕುಡಿಯುವ ನೀರಿಗೆ ಸೇರುತ್ತವೆ. ದಡದಲ್ಲಿ ನಿಲ್ಲಿಸಿ, ಬಕೆಟ್ಟಿನಲ್ಲಿ ನೀರು ತಂದು, ಹರಿದ ನೀರು ಮಣ್ಣಿನಲ್ಲಿ ಇಂಗುವಂತೆ ತೊಳೆಯಲು ಎಷ್ಟು ಕಷ್ಟ?

ಕಾಯದೆ ಕೂಡಲೇ ತೆಗೆಯಬೇಕಾದದ್ದು ಒಂದಿದೆ, ಹಕ್ಕಿಯ ಹಿಕ್ಕೆ. ಅದು ಆಮ್ಲೀಯ. ಮೇಲಾಗಿ ಹಗಲಿನ ಬಿಸಿಗೆ ಕ್ಲಿಯರ್ ಕೋಟ್ ಹಿಗ್ಗಿ ಮೆತ್ತಗಾಗಿ, ರಾತ್ರಿ ತಣ್ಣಗಾಗಿ ಕುಗ್ಗುವಾಗ ಒಣಗಿದ ಹಿಕ್ಕೆಯ ಒರಟು ಮೈಗೆ ಒತ್ತಿ ಅಚ್ಚೊತ್ತಿದಂತಾಗುತ್ತದೆ. ಉಗುರಿನಿಂದ ಕೆರೆಯಬೇಡಿ. ಒದ್ದೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಹಾಕಿಟ್ಟು, ನೆನೆದ ಮೇಲೆ ಎತ್ತಿ ತೆಗೆಯಿರಿ. ಮಳೆಮರದ ಕೆಳಗೆ ನಿಲ್ಲಿಸಿದ ಕಾರಿನ ಮೇಲೆ ಬೀಳುವ ಅಂಟು ಹನಿಗಳು ಬಹುಮಟ್ಟಿಗೆ ಮರದ ಗೋಂದಲ್ಲ, ಎಲೆಯ ರಸ ಹೀರುವ ಕೀಟಗಳು ಬಿಡುವ ಸಕ್ಕರೆ ನೀರು. ಬೆಚ್ಚನೆಯ ನೀರಿಗೆ ಅದು ಕರಗಿಬಿಡುತ್ತದೆ, ಉಜ್ಜುವ ಅಗತ್ಯವಿಲ್ಲ.

ನಮ್ಮಲ್ಲಿ ವರ್ಷಕ್ಕೊಮ್ಮೆಯಾದರೂ ಎಲ್ಲರೂ ಸ್ವತಃ ಕಾರು ತೊಳೆಯುವ ದಿನ ಆಯುಧಪೂಜೆ. ಅದಕ್ಕಿಂತ ಚೆಂದದ ಹಬ್ಬ ವಾಹನಕ್ಕೆ ಇಲ್ಲ. ಬಾಳೆಕಂದು, ಹೂವಿನ ಹಾರ ಕಟ್ಟುವಾಗ ತಂತಿಯ ಬದಲು ದಾರ ಬಳಸಿ. ಗಾಳಿಗೆ ಅಲ್ಲಾಡುವ ತಂತಿಯ ತುದಿ ಒಂದೇ ದಿನದಲ್ಲಿ ವರ್ಷದ ಗೀರು ಎಳೆಯುತ್ತದೆ. ಕುಂಕುಮ, ಗಂಧವನ್ನು ಗಾಜಿಗೆ ಇಡಿ, ಬಣ್ಣದ ಮೇಲೆ ಇಟ್ಟರೆ ಮಾರನೆಯ ದಿನ ನೀರು ಹಾಯಿಸಿ ನೆನೆಸಿ ತೆಗೆಯಿರಿ. ಬಿಳಿ ಕಾರಿಗೆ ಅರಿಶಿನದ ಹಳದಿ ಉಳಿದರೆ ಗಾಬರಿ ಬೇಡ, ಆ ಬಣ್ಣ ಬಿಸಿಲಿಗೆ ತಾನೇ ಮಾಸುತ್ತದೆ.

ಹೊಳಪಿನ ವ್ಯಾಪಾರದ ಬಗ್ಗೆ ಓದುಗರು ಎಚ್ಚರವಾಗಿರಬೇಕು. ಗೀರು ಕಂಡಕೂಡಲೇ ರಬ್ಬಿಂಗ್ ಮಾಡಿಸಿ ಎನ್ನುತ್ತಾರೆ. ರಬ್ಬಿಂಗ್ ಎಂದರೆ ಗೀರಿನ ಆಳಕ್ಕೆ ಸುತ್ತಲಿನ ಕ್ಲಿಯರ್ ಕೋಟನ್ನೇ ತೇಯ್ದು ಸಮ ಮಾಡುವುದು. ಇರುವ 40-50 ಮೈಕ್ರಾನಿನಲ್ಲಿ ಪ್ರತಿ ಸಲ ಒಂದಷ್ಟು ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಟಾಪಿನ ಮೇಲೆ, ಬಾನೆಟ್ಟಿನ ಮೇಲೆ ಬಣ್ಣ ಬಿಳಿಚಿಕೊಂಡು ಹೊಪ್ಪಳಿಕೆ ಏಳುವ ಹಳೆಯ ಕಾರುಗಳನ್ನು ನೋಡಿರುತ್ತೀರಿ, ಅವು ಕ್ಲಿಯರ್ ಕೋಟ್ ಕಳೆದುಕೊಂಡ ಕಾರುಗಳು. ಸೆರಾಮಿಕ್ ಕೋಟಿಂಗಿನ ವಿಷಯ ಬೇರೆ. ಅದು ನಿಜವಾಗಿಯೂ ನೀರು, ಕೊಳೆ ಅಂಟದಂತೆ ನೋಡಿಕೊಳ್ಳುತ್ತದೆ, ತೊಳೆಯುವುದನ್ನು ಸುಲಭ ಮಾಡುತ್ತದೆ. ಆದರೆ 9ಎಚ್ ಗಡಸುತನ, ಗೀರೇ ಬೀಳುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಆ 9ಎಚ್ ಪೆನ್ಸಿಲ್ಲಿನ ಸೀಸದಿಂದ ಗೀಚಿ ನೋಡುವ ಪರೀಕ್ಷೆಯ ಅಂಕ, ಖನಿಜದ ಮಾಪಕದ್ದಲ್ಲ. ಕೋಟಿಂಗಿನ ದಪ್ಪ ಹೆಚ್ಚೆಂದರೆ ಒಂದೆರಡು ಮೈಕ್ರಾನ್. ಬೆಣಚುಕಲ್ಲಿನ ಪುಡಿಯನ್ನು ಅದರ ಮೇಲೆ ಎಳೆದರೂ ಗೀರು ಬೀಳುತ್ತದೆ. ಗೀರನ್ನು ನಿಜವಾಗಿ ತಡೆಯುವುದು 150-200 ಮೈಕ್ರಾನ್ ದಪ್ಪದ ಪಿಪಿಎಫ್ ಎಂಬ, ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಅದಕ್ಕೆ ಆಗುವ ಖರ್ಚು ಎಲ್ಲರ ಕೈಗೆಟುಕುವುದಲ್ಲ. ಮನೆಯಲ್ಲೇ ಮೂರು ನಾಲ್ಕು ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚುವುದು ನನ್ನ ಮಟ್ಟಿಗೆ ಸಾಕು. ಒಳ್ಳೆಯ ವ್ಯಾಕ್ಸಿನಲ್ಲಿರುವ ಕಾರ್ನೌಬ ಬ್ರೆಜಿಲ್ಲಿನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುತ್ತದೆ, ಬಿಸಿಲಿಗೆ ಎಲೆ ಒಣಗದಂತೆ ಮರ ತಾನೇ ಮಾಡಿಕೊಂಡ ಮೇಣ ಅದು.

ಕರಾವಳಿ ಮತ್ತು ಮಲೆನಾಡಿನವರಿಗೆ ಹೊಳಪಿಗಿಂತ ದೊಡ್ಡ ಚಿಂತೆ ತುಕ್ಕು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿ ಕಾರಿನ ಕೆಳಗಿನ ಕಬ್ಬಿಣವನ್ನು ಸದ್ದಿಲ್ಲದೆ ತಿನ್ನುತ್ತದೆ, ಹಾಗಾಗಿ ಅಲ್ಲಿ ಮೇಲ್ಮೈಗಿಂತ ಕೆಳಭಾಗಕ್ಕೆ ನೀರು ಹಾಯಿಸುವುದು ಮುಖ್ಯ. ಮಲೆನಾಡಿನ ಕೆಸರು ಮಡ್‌ಗಾರ್ಡಿನ ಒಳಮಡಿಕೆಯಲ್ಲಿ ಕೂತು ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ, ಅದನ್ನು ಕೈಬೆರಳು ಹಾಕಿ ತೆಗೆಯಬೇಕು. ಪ್ರತಿ ಡೋರಿನ ಕೆಳ ಅಂಚಿನಲ್ಲಿ ನೀರು ಹೊರಹೋಗುವ ಸಣ್ಣ ಕಿಂಡಿಗಳಿವೆ, ವೈಪರಿನ ಬುಡದಲ್ಲೂ ಇವೆ. ಎಲೆ, ಮಣ್ಣು ಸೇರಿ ಅವು ಮುಚ್ಚಿದರೆ ಡೋರು ಒಳಗಿನಿಂದ ಕೊಳೆಯುತ್ತದೆ. ಮಳೆಗಾಲಕ್ಕೆ ಮೊದಲು ಒಂದು ಕಡ್ಡಿ ಹಾಕಿ ಬಿಡಿಸಿಕೊಳ್ಳಿ. ಬಾನೆಟ್ ತೆರೆದು ಇಂಜಿನ್ನಿಗೆ ಪೈಪು ಹಿಡಿಯಬೇಡಿ, ಒದ್ದೆ ಬಟ್ಟೆಯೇ ಸಾಕು.

ಒಳಗಿನ ಕೆಲಸ ಸರಳ. ಮ್ಯಾಟು ಕೊಡವಿ, ವ್ಯಾಕ್ಯೂಮ್ ಹಿಡಿದು, ಹಿಂಡಿದ ಬಟ್ಟೆಯಲ್ಲಿ ಡ್ಯಾಶ್‌ಬೋರ್ಡ್ ಒರೆಸಿದರೆ ಸಾಕು. ಕೊಬ್ಬರಿ ಎಣ್ಣೆಯಾಗಲಿ, ಫಳಫಳ ಹೊಳೆಯುವ ಸ್ಪ್ರೇ ಆಗಲಿ ಡ್ಯಾಶ್‌ಬೋರ್ಡಿಗೆ ಬೇಡ. ಧೂಳು ಹಿಡಿಯುತ್ತದೆ, ಬಿಸಿಲಿನಲ್ಲಿ ಅದರ ಹೊಳಪು ಮುಂದಿನ ಗಾಜಿನಲ್ಲಿ ಮೂಡಿ ರಸ್ತೆ ಮರೆಮಾಡುತ್ತದೆ. ಸ್ಟೇರಿಂಗಿಗೆ, ಪೆಡಲ್ಲಿಗೆ ಅದನ್ನು ಹಾಕುವುದಂತೂ ಅಪಾಯ.

ಇಷ್ಟು ಓದಿ ನಾಳೆಯಿಂದ ಕಾರು ಒರೆಸುವವರು ಬೇಡ ಎಂದು ಬಿಡಿಸಿದರೆ ನಾನು ಬರೆದದ್ದು ಕೆಟ್ಟದ್ದಕ್ಕೆ ಆಯಿತು ಎಂದುಕೊಳ್ಳುತ್ತೇನೆ. ಕಾರಿಗೆ ತಿಂಗಳಿಗೆ ಕೆಲವು ನೂರು ರೂಪಾಯಿಗೆ ನಸುಕಿನಲ್ಲಿ ಬೇಸ್‌ಮೆಂಟಿಗೆ ಬರುವ ಆ ಮನುಷ್ಯನಿಗೆ ಒಂದೇ ಬಕೆಟ್, ಒಂದೇ ಬಟ್ಟೆ, ಹತ್ತಿಪ್ಪತ್ತು ಕಾರು. ದಿನಾ ಒರೆಸಬೇಕು ಎಂದು ಕೇಳಿದವರು ನಾವು, ಬಟ್ಟೆ ಕೊಡದವರೂ ನಾವು. ಅವರೊಂದಿಗೆ ಕೂತು ಮಾತಾಡಿ: ಸಂಬಳ ಅಷ್ಟೇ ಇರಲಿ, ದಿನಾ ಗಾಜು ಮಾತ್ರ ಒರೆಸಲಿ, ವಾರಕ್ಕೊಮ್ಮೆ ಸರಿಯಾಗಿ ತೊಳೆಯಲಿ. ನಾಲ್ಕು ಮೈಕ್ರೋಫೈಬರ್ ಬಟ್ಟೆ, ಒಂದು ಬಾಟಲಿ ರಿನ್ಸ್‌ಲೆಸ್ ವಾಶ್, ಒಂದು ಸ್ಪ್ರೇಯರ್ ನೀವು ಕೊಡಿಸಿ. ಮೊದಲ ಸಲ ಜೊತೆಗೆ ನಿಂತು ಇಬ್ಬರೂ ಸೇರಿ ತೊಳೆಯಿರಿ. ಒಂದೇ ಮಹಡಿಯ ಐದಾರು ಮನೆಯವರು ಒಪ್ಪಿದರೆ ಅವರ ಬೆಳಗಿನ ದುಡಿಮೆ ಹಗುರಾಗುತ್ತದೆ, ಬೋರ್‌ವೆಲ್ ನೀರಿನಲ್ಲಿ ನೆನೆದು ಬಿರುಕು ಬಿಟ್ಟ ಕೈಗಳಿಗೂ ಬಿಡುವು ಸಿಗುತ್ತದೆ. ರಬ್ಬರ್ ಕೈಗವಸು ಒಂದು ಜೊತೆ ಕೊಡಿಸುವುದನ್ನೂ ಮರೆಯಬೇಡಿ.